ಅಣೆಕಟ್ಟಿಗೆ ಕಲ್ಲು ಹೊತ್ತು ಮಳೆಯನ್ನೇ ನಂಬಿದ ಅಜ್ಜ

(ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯ ನಮ್ಮೂರಿನ ಗ್ರಂಥಾಲಯದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಊರಿನ ಹಿರಿಯರೇ, ತಾಯಂದಿರೇ, ಗೆಳೆಯರೇ,

ಈ ಅಂಗಳದಲ್ಲಿ ಇದುವರೆಗೆ ಶರಣರ ಬಗ್ಗೆ, ಹೈದರಾಬಾದ್ ವಿಮೋಚನೆಯ ಹೋರಾಟಗಾರರ ಬಗ್ಗೆ, ನಮ್ಮ ಪಕ್ಕದ ಇಟಗಿಯ ಮಹಾದೇವ ದೇವಾಲಯದ ಬಗ್ಗೆ ಮಾತುಗಳಾಗಿವೆ. ಇಂದು ನಾನು ಯಾವ ಶಾಸನದಲ್ಲೂ ಯಾವ ಗ್ಯಾಸೆಟಿಯರಿನಲ್ಲೂ ಹೆಸರಿಲ್ಲದ ಒಬ್ಬ ಒಕ್ಕಲಿಗನ ಬದುಕನ್ನು ನಿಮ್ಮ ಮುಂದೆ ಇಡಬೇಕಾಗಿದೆ. ಅವರು ನನ್ನ ಅಜ್ಜ, ನಮ್ಮ ತಂದೆಯ ತಂದೆ. ನಿಮ್ಮಲ್ಲಿ ವಯಸ್ಸಾದವರು ಅವರನ್ನು ಬಲ್ಲಿರಿ. ಅವರೊಡನೆ ಒಂದೇ ಕಣದಲ್ಲಿ ರಾಶಿ ಮಾಡಿದವರೂ ಇಲ್ಲಿ ಕುಳಿತಿದ್ದೀರಿ.

ತೀರಿಕೊಂಡ ಹಿರಿಯರನ್ನು ನೆನೆಯುವಾಗ ನಾವೆಲ್ಲರೂ ಹೇಳುವ ಎರಡು ಮಾತುಗಳಿವೆ. ಬಹಳ ದುಡಿದವರು ಎನ್ನುತ್ತೇವೆ, ಮನೆಮಂದಿಯನ್ನು ಬಹಳ ಪ್ರೀತಿಸಿದವರು ಎನ್ನುತ್ತೇವೆ. ಅಜ್ಜನ ವಿಷಯದಲ್ಲಿ ಇವೆರಡೂ ನಿಜ. ಆದರೆ ಇವೆರಡನ್ನೂ ಬೇರೆ ಬೇರೆ ಗುಣಗಳೆಂದು ಹೊಗಳಿ ಮುಗಿಸಿದರೆ ಅವರು ನಮಗೆ ಅರ್ಥವಾಗುವುದಿಲ್ಲ. ಈ ಸೀಮೆಯಲ್ಲಿ ಹುಟ್ಟಿದ ಬಡ ಒಕ್ಕಲಿಗನಿಗೆ ದುಡಿಯದೆ ಗತಿಯಿರಲಿಲ್ಲ, ಆದ್ದರಿಂದ ದುಡಿಮೆಯೊಂದನ್ನೇ ಅವರ ಹಿರಿಮೆಯೆಂದು ಹೇಳಲು ನನಗೆ ಮನಸ್ಸಿಲ್ಲ. ಯಾವ ಕೆಲಸಕ್ಕೆ ಹೋಗಬೇಕು, ಯಾವುದನ್ನು ಬಿಡಬೇಕು, ಎಲ್ಲಿಯವರೆಗೆ ಹೋಗಿ ಎಲ್ಲಿಂದ ತಿರುಗಿ ಬರಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಅವರು ಮನೆಯನ್ನು ಮುಂದಿಟ್ಟುಕೊಂಡು ತೀರ್ಮಾನಿಸಿದರು, ಆ ತೀರ್ಮಾನಗಳಿಗೆ ತಕ್ಕ ಬೆಲೆಯನ್ನೂ ತೆತ್ತರು. ನಾನು ಇಂದು ಹೇಳಬೇಕೆಂದಿರುವುದು ಆ ತೀರ್ಮಾನಗಳ ಕಥೆಯನ್ನು.

ಅಜ್ಜ ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿಲ್ಲ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಹಾಕಿದಾಗ ತಮಗಿನ್ನೂ ಮೀಸೆ ಮೂಡಿರಲಿಲ್ಲ ಎಂದು ಅವರು ಹೇಳುತ್ತಿದ್ದುದರಿಂದ, 1930ರ ಆಸುಪಾಸಿನಲ್ಲಿ ಹುಟ್ಟಿರಬೇಕೆಂದು ನಾವು ಲೆಕ್ಕ ಹಾಕಿದ್ದೇವೆ. ಆಗ ನಮ್ಮ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿತ್ತು. ಕೊಪ್ಪಳ ಭಾಗ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ಕಚೇರಿಯ ವ್ಯವಹಾರವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಆಡುವ ಭಾಷೆಯಲ್ಲಿ ಓದಲು ಶಾಲೆಯಿಲ್ಲ, ಶಾಲೆಯ ಭಾಷೆ ಮನೆಯಲ್ಲಿ ಯಾರಿಗೂ ಬಾರದು. ಹೀಗಾಗಿ ಅಜ್ಜ ದನ ಕಾಯಲು ಹೋದರು. ಕೊನೆಯವರೆಗೂ ಅವರಿಗೆ ಓದಲು ಬರಲಿಲ್ಲ, ಸಹಿ ಮಾತ್ರ ಮಾಡುತ್ತಿದ್ದರು.

1947 ಮತ್ತು 1948ರಲ್ಲಿ, ನಿಜಾಮರ ಪರವಾದ ಶಸ್ತ್ರಧಾರಿ ಪಡೆಯಾದ ರಜಾಕಾರರ ಹಾವಳಿಯ ದಿನಗಳಲ್ಲಿ, ಗಡಿಯೀಚೆಯ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಆಗಿನ ಮುಂಬೈ ಪ್ರಾಂತ್ಯದ ಊರುಗಳಿಗೆ ದಾಟಿದ ಸಂಗತಿ ನಿಮಗೆಲ್ಲ ತಿಳಿದಿದೆ. ವಿಮೋಚನೆಯ ಹೋರಾಟಗಾರರಾದ ಅಳವಂಡಿ ಶಿವಮೂರ್ತಿಸ್ವಾಮಿಯವರು ಮುಂಡರಗಿಯಲ್ಲಿ ಹೋರಾಟದ ಶಿಬಿರ ನಡೆಸುತ್ತಿದ್ದ ಕಾಲ ಅದು. ಅಜ್ಜನ ಮನೆಯವರೂ ದನಕರುಗಳೊಂದಿಗೆ ಗಜೇಂದ್ರಗಡದ ಕಡೆಯ ನೆಂಟರ ಮನೆಗೆ ಹೋಗಿ, 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದ ಸುದ್ದಿ ಬಂದ ಮೇಲೆ ಹಿಂದಿರುಗಿದರು. ಬಂದು ನೋಡಿದರೆ ಆ ವರ್ಷ ಬಿತ್ತದೆ ಬಿಟ್ಟ ಹೊಲದಲ್ಲಿ ಕಳೆ ಎದೆಮಟ್ಟಕ್ಕೆ ನಿಂತಿತ್ತಂತೆ. ಬೀಜದ ಜೋಳವೂ ಇರಲಿಲ್ಲ. ಮುತ್ತಜ್ಜ ಮತ್ತು ಅಜ್ಜ ಅಣೆಕಟ್ಟಿನ ಕೆಲಸ ನಡೆದಿದ್ದ ಮುನಿರಾಬಾದಿಗೆ ಕೂಲಿ ಹುಡುಕಿಕೊಂಡು ನಡೆದದ್ದು ಈ ಕಾರಣಕ್ಕೆ.

ತುಂಗಭದ್ರಾ ಅಣೆಕಟ್ಟನ್ನು ನೀವು ನೋಡಿದ್ದೀರಿ. ನದಿಯ ಆ ಕಡೆ ಹೊಸಪೇಟೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈ ಕಡೆಯ ಮುನಿರಾಬಾದು ಹೈದರಾಬಾದಿಗೆ ಸೇರಿತ್ತು. ಎರಡು ಸರ್ಕಾರಗಳು ಎರಡು ದಂಡೆಗಳಿಂದ ಕಟ್ಟಿಕೊಂಡು ಬಂದ ಅಣೆಕಟ್ಟು ಅದು. ಅದರ ಮುಖ್ಯ ಗೋಡೆ ಕಲ್ಲಿನದು, ಆ ಕಲ್ಲುಗಳನ್ನು ಹಿಡಿದಿರುವುದು ಸುಣ್ಣಕ್ಕೆ ಸುಟ್ಟ ಮಣ್ಣಿನ ಪುಡಿಯನ್ನು ಬೆರೆಸಿ ಅರೆದ ಸುರ್ಕಿ ಗಾರೆ. ಅಜ್ಜ ಮೊದಲು ಗಾರೆಯ ಬುಟ್ಟಿ ಹೊತ್ತರು, ಆಮೇಲೆ ಕಲ್ಲು ಹೊರುವ ಗುಂಪಿಗೆ ಸೇರಿದರು, ಕೊನೆಗೆ ಕಲ್ಲು ಕೂರಿಸುವ ಉಪ್ಪಾರನೊಬ್ಬನ ಕೈಕೆಳಗೆ ನಿಂತು ಆ ಕೆಲಸವನ್ನು ಕಲಿತರು. ಬಿಡಾರದಲ್ಲಿ ಚಳಿಜ್ವರ ಕಾಡುತ್ತಿತ್ತು, ಮುತ್ತಜ್ಜ ಒಂದೇ ಬೇಸಿಗೆಗೆ ಸೋತು ಊರಿಗೆ ಮರಳಿದರು, ಅಜ್ಜ ಉಳಿದರು. ಕೂಲಿಯ ಹಣವನ್ನು ಊರಿನ ಕಡೆಗೆ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಬಿತ್ತನೆ ಮತ್ತು ಸುಗ್ಗಿಯ ದಿನಗಳಲ್ಲಿ ತಾವೇ ಬರುತ್ತಿದ್ದರು.

1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆಯ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿಯ ಕಡೆಗೆ ಹೋಯಿತು. ನಮ್ಮ ಯಲಬುರ್ಗಾ, ಕುಷ್ಟಗಿಯ ನೆಲ ಎತ್ತರದ್ದು, ಇಲ್ಲಿಗೆ ಆ ನೀರು ಹತ್ತಲಿಲ್ಲ. ಅಣೆಕಟ್ಟಿಗೆ ಕಲ್ಲು ಹೊತ್ತವರ ಹೊಲ ಮಳೆಯ ದಾರಿ ಕಾಯುವ ಹೊಲವಾಗಿಯೇ ಉಳಿಯಿತು. ಇದನ್ನು ನಾನು ದೂರಿಗಾಗಿ ಹೇಳುತ್ತಿಲ್ಲ, ನೀರು ಇಳಿಜಾರಿನ ದಾರಿ ಹಿಡಿಯುತ್ತದೆ. ಆದರೆ ಅಜ್ಜನ ಮುಂದೆ ಆಗ ಒಂದು ನಿಜವಾದ ಆಯ್ಕೆ ಇತ್ತು. ಕಾಲುವೆಯ ಕೆಳಗಿನ ಜಮೀನು ಆ ದಿನಗಳಲ್ಲಿ ಅಗ್ಗವಾಗಿತ್ತು. ಕರಾವಳಿ ಆಂಧ್ರದಿಂದ ಬಂದ ರೈತರು ಅದನ್ನು ಕೊಂಡು, ಹಸನು ಮಾಡಿ, ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದರು. ಇಂದು ಸೋನಾಮಸೂರಿ ಅಕ್ಕಿಗೆ ಹೆಸರಾದ ಆ ಸೀಮೆ ಬೆಳೆದದ್ದು ಹಾಗೆ. ಅಜ್ಜನ ಜೊತೆಗೆ ಕೆಲಸ ಮಾಡಿದವರಲ್ಲಿ ಕೆಲವರು ಕಾರಟಗಿಯ ಕಡೆ ನಾಲ್ಕೆಂಟು ಎಕರೆ ಹಿಡಿದರು. ಅಜ್ಜನನ್ನೂ ಕರೆದರು. ಕೈಯಲ್ಲಿ ಕೂಡಿಟ್ಟ ಹಣವೂ ಸ್ವಲ್ಪ ಇತ್ತು.

ಅವರು ಹೋಗಲಿಲ್ಲ. ಮುತ್ತಜ್ಜನಿಗೆ ಆರೋಗ್ಯ ಸರಿಯಿರಲಿಲ್ಲ, ಮುತ್ತಜ್ಜಿ ಈ ಊರನ್ನು ಬಿಟ್ಟು ಕದಲುವುದಿಲ್ಲ ಎಂದರು, ಇಬ್ಬರು ತಮ್ಮಂದಿರು ಇನ್ನೂ ಚಿಕ್ಕವರು. ತಾವೊಬ್ಬರೇ ಹೋಗಿ ನೆಲೆ ಕಂಡುಕೊಂಡು ಆಮೇಲೆ ಎಲ್ಲರನ್ನೂ ಕರೆಸಿಕೊಳ್ಳಬಹುದಿತ್ತು ಎಂದು ನಮ್ಮ ದೊಡ್ಡಪ್ಪ ಈಗಲೂ ವಾದಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ದೊಡ್ಡಪ್ಪನ ಮಾತಿನಲ್ಲಿ ತಪ್ಪಿಲ್ಲ, ಆ ನಾಲ್ಕೆಂಟು ಎಕರೆಯಿಂದ ಮುಂದಿನ ಎರಡು ತಲೆಮಾರುಗಳ ಬಡತನ ಹರಿದುಹೋಗುತ್ತಿತ್ತು. ಅಜ್ಜನನ್ನು ನಾನೇ ಒಮ್ಮೆ ಈ ಬಗ್ಗೆ ಕೇಳಿದಾಗ ಅವರು ಕೊಟ್ಟ ಉತ್ತರ ಇಷ್ಟು: “ನಾ ಅಲ್ಲಿ ಅನ್ನ ಉಣಕೋಂತ ಕುಂದರತಿದ್ನೆವಾ, ಇಲ್ಲಿ ನಮ್ಮವ್ವಗ ನೀರು ಕೊಡಾವ್ರು ಯಾರಿದ್ರು?” ಈ ಉತ್ತರವನ್ನು ನಾನು ತ್ಯಾಗವೆಂದು ದೊಡ್ಡದು ಮಾಡುವುದಿಲ್ಲ, ಅವರೂ ಮಾಡಲಿಲ್ಲ. ಒಂದು ನಷ್ಟವನ್ನು ನಷ್ಟವೆಂದು ತಿಳಿದೇ ಒಪ್ಪಿಕೊಂಡ ಮನುಷ್ಯನ ಮಾತಾಗಿ ಅದು ನನಗೆ ಕೇಳಿಸಿತು.

ತಮ್ಮಂದಿರು ದೊಡ್ಡವರಾಗಿ ಮದುವೆಯಾದ ಮೇಲೆ ಪಾಲಿನ ಮಾತು ಬಂದಿತು. ಹಿರಿಯ ಮಗನಾದ ಅಜ್ಜ ಹೊಲವನ್ನು ಮೂರು ತುಂಡಾಗಿ ಗುರುತು ಹಾಕಿದರು, ಆರಿಸಿಕೊಳ್ಳುವುದನ್ನು ಮಾತ್ರ ಕಿರಿಯ ತಮ್ಮನಿಂದ ಆರಂಭಿಸಿದರು. ಗುರುತು ಹಾಕಿದವನೇ ಮೊದಲು ಆರಿಸಿದರೆ ಮನಸ್ಸಿನಲ್ಲಿ ಅನುಮಾನ ಉಳಿಯುತ್ತದೆ ಎಂಬುದು ಅವರ ಮಾತು. ಕಿರಿಯ ತಮ್ಮ ಊರ ಹತ್ತಿರದ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ ಹಿಡಿದರು, ನಡುವಿನವರು ಬಾವಿಯ ಕಡೆಯ ತುಂಡು ಹಿಡಿದರು. ಅಜ್ಜನಿಗೆ ಹಳ್ಳದ ದಂಡೆಯ ತುಂಡು ಉಳಿಯಿತು. ಅದರ ಕೆಳಭಾಗ ಎರೆ, ಮೇಲ್ಭಾಗ ಕಲ್ಲು ತುಂಬಿದ ಮಸಾರಿ ಎಂಬ ಕೆಂಪು ನೆಲ, ನಡುವೆ ಇಳಿಜಾರು. ಹಸ್ತಿ ಮಳೆ ಜೋರಾಗಿ ಹೊಡೆದರೆ ಮೇಲಿನ ಮಣ್ಣೆಲ್ಲ ಹಳ್ಳಕ್ಕೆ ಹೋಗುತ್ತಿತ್ತು.

ಮುನಿರಾಬಾದಿನಲ್ಲಿ ಕಲಿತ ಕೆಲಸ ಇಲ್ಲಿ ಉಪಯೋಗಕ್ಕೆ ಬಂದಿತು. ಪ್ರತಿ ಬೇಸಿಗೆಯಲ್ಲಿ, ಜೋಳದ ರಾಶಿ ಮುಗಿದು ಮುಂಗಾರಿನ ಮೋಡ ಕಾಣುವವರೆಗೆ, ಅವರು ಹೊಲದಲ್ಲಿನ ಕಲ್ಲನ್ನೇ ಆಯ್ದು ಇಳಿಜಾರಿಗೆ ಅಡ್ಡಲಾಗಿ ಒಡ್ಡು ಕಟ್ಟುತ್ತ ಹೋದರು. ಆ ಒಡ್ಡುಗಳಲ್ಲಿ ಗಾರೆ ಇಲ್ಲ, ಬರಿಯ ಕಲ್ಲು. ತಳದ ಕಲ್ಲು ದೊಡ್ಡದಿರಬೇಕು, ಅರ್ಧದಷ್ಟು ನೆಲದಲ್ಲಿ ಹುದುಗಿರಬೇಕು. ಅದರ ಮೇಲಿನ ಸಾಲಿನ ಕಲ್ಲು ಕೆಳಗಿನ ಎರಡು ಕಲ್ಲುಗಳ ಸಂದಿಯ ಮೇಲೆ ಕೂರಬೇಕು. ಕಲ್ಲಿನ ಚಪ್ಪಟೆ ಮುಖ ಹೊರಗಿರಬೇಕು, ಉದ್ದನೆಯ ಭಾಗ ಒಳಗೆ, ಮಣ್ಣಿನ ಕಡೆಗೆ ಹೋಗಬೇಕು. ಸಂದಿಗೆ ತುರುಕುವ ಚಕ್ಕೆಗಳನ್ನು ಒಳಗಡೆಯಿಂದ ತುರುಕಬೇಕು, ಹೊರಗಡೆಯಿಂದ ತುರುಕಿದರೆ ಮೊದಲ ಮಳೆಗೇ ಉದುರುತ್ತವೆ. ಒಂದು ಮೂಲೆಯಲ್ಲಿ ಹೆಚ್ಚಾದ ನೀರು ಹೊರಬೀಳಲು ಹಾಸುಗಲ್ಲಿನ ಕೋಡಿ ಬಿಡಬೇಕು. ಇದನ್ನೆಲ್ಲ ನಾನು ಮುಂದೆ, ಅವರು ಜಾರಿದ ಕಲ್ಲನ್ನು ಮತ್ತೆ ಕೂರಿಸುವಾಗ, ಪಕ್ಕದಲ್ಲಿ ಚಕ್ಕೆ ಕಲ್ಲು ಆರಿಸಿ ಕೊಡುತ್ತಾ ಕಲಿತೆ. ಒಂದೊಂದು ಕಲ್ಲನ್ನೂ ಎತ್ತಿ, ಎರಡೂ ಮಗ್ಗುಲು ತಿರುವಿ ನೋಡಿ, ಕೂರಿಸಿ, ಅಂಗೈಯಿಂದ ಒತ್ತಿ, ಅಲುಗಿದರೆ ಮತ್ತೆ ತೆಗೆಯುತ್ತಿದ್ದರು. ನಾಲ್ಕು ಒಡ್ಡುಗಳು ಮುಗಿಯುವಷ್ಟರಲ್ಲಿ ನಮ್ಮ ತಂದೆಯವರು ಮದುವೆಯ ವಯಸ್ಸಿಗೆ ಬಂದಿದ್ದರು. ಒಡ್ಡಿನ ಹಿಂದೆ ವರ್ಷವರ್ಷವೂ ಮಣ್ಣು ಕೂತು, ಕಲ್ಲಿನ ಇಳಿಜಾರು ಮೆಟ್ಟಿಲು ಮೆಟ್ಟಿಲಾದ ಹೊಲವಾಯಿತು. ಮೊದಲು ಸಜ್ಜೆ, ಹುರುಳಿ ಬಿಟ್ಟರೆ ಏನೂ ಬೆಳೆಯದಿದ್ದ ಜಾಗದಲ್ಲಿ ಶೇಂಗಾ ಮತ್ತು ತೊಗರಿ ಬಂದವು.

ಕೆಳಗಿನ ಎರೆಯಲ್ಲಿ ಹಿಂಗಾರಿ ಜೋಳ, ನಡುವೆ ಕುಸುಬೆ, ಕಡಲೆ. ಆ ಬಿತ್ತನೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಅಜ್ಜಿಯ ಮಾತಿಲ್ಲದೆ ಅಜ್ಜನ ದುಡಿಮೆಯ ಮಾತು ಅರ್ಧವೇ ಆಗುತ್ತದೆ. ಉತ್ತರಿ ಮಳೆ ಬಿದ್ದು ನೆಲ ಹದಕ್ಕೆ ಬಂದಾಗ ಬಿತ್ತಲು ಸಿಗುವುದು ಕೆಲವೇ ದಿನ, ಮೇಲಿನ ಹದ ಆರಿದರೆ ಬೀಜ ಮೊಳೆಯದು. ಮೂರು ತಾಳಿನ ಕೂರಿಗೆಯನ್ನು ಅಜ್ಜ ಎತ್ತುಗಳಿಗೆ ಹೂಡಿ ನಡೆಸುತ್ತಿದ್ದರು. ಅಜ್ಜಿ ಉಡಿಯಲ್ಲಿ ಮಾಲದಂಡಿ ಜೋಳದ ಬೀಜ ಕಟ್ಟಿಕೊಂಡು, ಕೂರಿಗೆಯ ಬಟ್ಟಲಿಗೆ ಮುಷ್ಟಿಯಿಂದ ಬೀಜ ಬಿಡುತ್ತ ಹಿಂದೆ ನಡೆಯುತ್ತಿದ್ದರು. ಬೀಜ ಬಿಡುವ ಕೈ ನಿಂತರೆ ಸಾಲು ಖಾಲಿ ಬೀಳುತ್ತದೆ, ಹೆಚ್ಚಾದರೆ ಬೆಳೆ ಒತ್ತಾಗಿ ತೆನೆ ಸಣ್ಣದಾಗುತ್ತದೆ, ಎತ್ತು ಬಿರುಸಾದರೆ ಹಿಂದಿನವರ ಕೈ ತಪ್ಪುತ್ತದೆ. ಆದ್ದರಿಂದ ಇಬ್ಬರ ಹೆಜ್ಜೆಯೂ ಎತ್ತುಗಳ ಹೆಜ್ಜೆಯೂ ಒಂದೇ ಆಗಬೇಕು. ಅಜ್ಜ ತಿರುಗಿ ನೋಡುತ್ತಿರಲಿಲ್ಲ. ಅಜ್ಜಿಯ ಬಳೆಯ ಸದ್ದಿನಿಂದಲೇ ಬೀಜ ಬೀಳುವ ಗತಿಯನ್ನು ತಿಳಿದು ಎತ್ತುಗಳನ್ನು ಹಿಡಿಯುತ್ತಿದ್ದರು, ಬಿಡುತ್ತಿದ್ದರು. ಹೊಲದ ತುದಿಯಲ್ಲಿ ಕೂರಿಗೆ ಎತ್ತಿ ತಿರುಗಿಸುವಾಗ ಮಾತ್ರ ಇಬ್ಬರೂ ಒಂದೆರಡು ಮಾತಾಡುತ್ತಿದ್ದರು. ಹುಟ್ಟಿದ ಬೆಳೆಯ ಸಾಲನ್ನು ನೋಡಿ ಊರವರು ಹೊಗಳಿದರೆ, “ಆಕಿ ಕೈಗುಣ” ಎಂದು ಅಜ್ಜ ಎಲ್ಲರ ಮುಂದೆ ಹೇಳುತ್ತಿದ್ದುದನ್ನು ನಾನು ಕೇಳಿದ್ದೇನೆ. ಹೆಂಡತಿಯ ಕೆಲಸವನ್ನು ನಾಲ್ಕು ಜನರ ಎದುರು ಒಪ್ಪಿಕೊಳ್ಳುವ ಗಂಡಸರು ಆ ಕಾಲದಲ್ಲಿ ಹೆಚ್ಚಿರಲಿಲ್ಲ. ಹಾಗಿದ್ದರೂ ಪಹಣಿಯಲ್ಲಿದ್ದ ಹೆಸರು ಅಜ್ಜನದು ಮಾತ್ರ ಎಂಬುದನ್ನು ಇಂದಿನ ಮಾತಿನಲ್ಲಿ ಮುಚ್ಚಿಡುವುದು ಸರಿಯಲ್ಲ.

1972ರ ಬರಗಾಲ ಇಲ್ಲಿರುವ ಹಿರಿಯರಿಗೆಲ್ಲ ನೆನಪಿದೆ. ಆ ಮೊದಲಿನ ವರ್ಷಗಳಲ್ಲೂ ಮಳೆ ಕೈಕೊಟ್ಟಿದ್ದರಿಂದ ಕಾಳು ತುಂಬಿಡುವ ಹಗೇವುಗಳು ಬರಿದಾಗಿದ್ದವು. ನಮ್ಮ ಓಣಿಯಲ್ಲಿ ಒಬ್ಬೊಬ್ಬರೇ ಗಂಡಸರು ಮುಂಬೈ, ಗೋವೆಯ ಕಡೆಗೆ ಗುಳೆ ಹೋದರು. ಉಳಿದವರು ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆದರು. ಅಜ್ಜನೂ ಕೆಲವು ತಿಂಗಳು ಜಲ್ಲಿ ಒಡೆದರು, ಪಡಿತರದಲ್ಲಿ ಸಿಕ್ಕ ಕೆಂಪು ಜೋಳದ ರೊಟ್ಟಿಯಿಂದ ಮನೆ ನಡೆಯಿತು. ಅದೂ ಸಾಲದಾದಾಗ ಅವರು ಒಂದು ಜೊತೆ ಎತ್ತನ್ನು ಮಾರಿ, ಇನ್ನೊಂದು ಜೊತೆಯನ್ನು ಬಂಡಿಗೆ ಹೂಡಿ, ಮುತ್ತಜ್ಜಿಯಿಂದ ಹಿಡಿದು ಮೊಲೆಹಾಲು ಕುಡಿಯುವ ಕಿರಿಯ ಅತ್ತೆಯವರೆಗೆ ಎಲ್ಲರನ್ನೂ ಕೂರಿಸಿಕೊಂಡು ಕಾರಟಗಿಯ ಆಚೆಯ ಒಂದು ಕ್ಯಾಂಪಿಗೆ ಹೋದರು. ಕಾಲುವೆಯ ದಂಡೆಯ ಮೇಲೆ ಗುಡಿಸಲು ಹಾಕಿಕೊಂಡು ಭತ್ತದ ಗದ್ದೆಯಲ್ಲಿ ಕೂಲಿ ಮಾಡಿದರು. ತಾವು ಕಲ್ಲು ಹೊತ್ತು ನಿಲ್ಲಿಸಿದ ನೀರಿನಲ್ಲಿ, ತಾವು ಕೊಳ್ಳದೆ ಬಿಟ್ಟ ನೆಲದಲ್ಲಿ, ಪರರ ಸಸಿ ನೆಟ್ಟರು. ಇದನ್ನು ಹೇಳುವಾಗ ನನ್ನ ಮನಸ್ಸು ಕಲಕುತ್ತದೆ. ಅಜ್ಜ ಮಾತ್ರ ಆ ದಿನಗಳನ್ನು ನೆನೆದಾಗ, ಮುತ್ತಜ್ಜಿ ಅಲ್ಲಿ ಹೊಟ್ಟೆ ತುಂಬ ಅನ್ನ ಉಂಡಳು ಎಂಬುದನ್ನೇ ಮೊದಲು ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಆಗ ಅನ್ನ ಹಬ್ಬದ ಊಟವಾಗಿತ್ತು.

ಎಲ್ಲರೂ ಒಂದೇ ಒಲೆಯ ಸುತ್ತ ಇರಬೇಕೆಂಬ ಆ ಹಟಕ್ಕೆ ಬೆಲೆ ತೆತ್ತವರು ಮಕ್ಕಳು. ನಮ್ಮ ತಂದೆಯವರಿಗೆ ಆ ವರ್ಷ ಶಾಲೆ ತಪ್ಪಿತು. ದೊಡ್ಡಪ್ಪ ಮತ್ತೆ ಶಾಲೆಯ ಕಡೆ ಮುಖ ಹಾಕಲೇ ಇಲ್ಲ. ಅಜ್ಜ ಇದನ್ನು ಗಮನಿಸಿದರು. ಮುಂದಿನ ವರ್ಷಗಳಲ್ಲಿ ಭತ್ತದ ಸುಗ್ಗಿಗೆ ಅವರು ಒಬ್ಬರೇ ಹೋಗಿ, ಕೂಲಿಯ ಭತ್ತವನ್ನು ಚೀಲದಲ್ಲಿ ಕಟ್ಟಿಕೊಂಡು ಬಂದರು. ಮನೆಮಂದಿಯನ್ನೆಲ್ಲ ಜೊತೆಗೆ ಇಟ್ಟುಕೊಳ್ಳುವುದು ಯಾವಾಗಲೂ ಅವರ ಹಿತವೇ ಆಗಿರುವುದಿಲ್ಲ ಎಂಬ ತಿಳಿವಳಿಕೆ ಅವರಿಗೆ ನಲವತ್ತು ದಾಟಿದ ಮೇಲೆ ಬಂದಿತು, ಬಂದ ಮೇಲೆ ಅವರು ತಮ್ಮ ನಡೆಯನ್ನು ಬದಲಿಸಿಕೊಂಡರು. ಅಜ್ಜನ ಪ್ರೀತಿಯಲ್ಲಿ ನಾನು ಅತ್ಯಂತ ಗೌರವಿಸುವ ಭಾಗ ಇದೇ. ಹಟ ಹಿಡಿದು ಪ್ರೀತಿಸುವವರು ಬಹಳ ಜನ ಇದ್ದಾರೆ. ಪ್ರೀತಿಯಿಂದ ಹಟ ಬಿಡುವವರು ಅಪರೂಪ. ನಮ್ಮ ತಂದೆಯವರು ಮತ್ತು ಕಾಕಾ ಓದಿದರು. ಕಿರಿಯ ಅತ್ತೆ ಕುಕನೂರಿಗೆ ಹೋಗಿ ಹತ್ತನೆಯ ತರಗತಿ ಮುಗಿಸಿದರು, ನಮ್ಮ ಓಣಿಯಲ್ಲಿ ಅಲ್ಲಿಯವರೆಗೆ ಓದಿದ ಮೊದಲ ಹೆಣ್ಣುಮಗಳು ಅವರೇ.

1974ರ ಭೂಸುಧಾರಣೆಯ ನಂತರ, ಲಾವಣಿಗೆ, ಅಂದರೆ ಗೇಣಿಗೆ ಮಾಡುತ್ತಿದ್ದ ಇನ್ನೊಂದು ಸಣ್ಣ ತುಂಡು, ಗೇಣಿದಾರರು ಭೂಮಿಯ ಹಕ್ಕು ಕೇಳುವ ನಮೂನೆ 7ರ ಅರ್ಜಿಯ ಮೇಲೆ ಅಜ್ಜನ ಹೆಸರಿಗೆ ಬಂದಿತು. ಆ ವಿಷಯ ಇಲ್ಲಿಗೆ ಸಾಕು.

ಇನ್ನು ಹಗ್ಗದ ವಿಷಯ. ಹೊಲದ ಬದುವಿನಲ್ಲಿ ಪ್ರತಿ ವರ್ಷ ಅಜ್ಜ ಪುಂಡಿ ಹಾಕಿಸುತ್ತಿದ್ದರು. ಎಲೆ ಎಳೆಯದಾಗಿದ್ದಾಗ ಅಜ್ಜಿ ಪುಂಡಿಪಲ್ಯ ಮಾಡುತ್ತಿದ್ದರು, ಕಾಂಡ ಬಲಿತ ಮೇಲೆ ಅದು ಅಜ್ಜನ ಪಾಲು. ಕಟ್ಟು ಕಟ್ಟಿ ಹಳ್ಳದ ಮಡುವಿನಲ್ಲಿ ಮುಳುಗಿಸಿ, ತೇಲದಂತೆ ಕಲ್ಲು ಹೇರಿ, ತೊಗಟೆ ಕೊಳೆತು ಬಿಡಿಸಲು ಬರುವ ಹೊತ್ತಿಗೆ ಮೊಣಕಾಲುದ್ದದ ನೀರಿನಲ್ಲಿ ನಿಂತು ನಾರು ಸುಲಿಯುತ್ತಿದ್ದರು. ಆ ನೀರಿನ ವಾಸನೆ ಕೆಲವು ದಿನ ಅವರ ಕೈಯಿಂದ ಹೋಗುತ್ತಿರಲಿಲ್ಲ. ತೊಳೆದು ಒಣಗಿಸಿದ ನಾರು ಬೆಳ್ಳಗೆ, ನುಣುಪಾಗಿ ಇರುತ್ತಿತ್ತು. ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು, ತೊಡೆಯ ಮೇಲೆ ಎಳೆ ಹೊಸೆದು, ಮೂರು ಎಳೆ ಕೂಡಿಸಿ ಹುರಿ ಹಾಕುತ್ತಿದ್ದರು. ಒಂದು ತುದಿ ಹಿಡಿದು ನಿಲ್ಲುವ ಕೆಲಸ ನಮ್ಮದು, ಮೊಮ್ಮಕ್ಕಳದು. ಎತ್ತಿನ ಮೂಗುದಾರ, ಬಾವಿಯ ಹಗ್ಗ, ಬಂಡಿಯ ಹಗ್ಗ ಎಲ್ಲವೂ ಹಾಗೆ ತಯಾರಾಗುತ್ತಿದ್ದವು. ಇದರಲ್ಲಿ ವಿಶೇಷವೇನೂ ಇಲ್ಲ, ಅಂದಿನ ಒಕ್ಕಲಿಗರ ಮನೆಗಳಲ್ಲೆಲ್ಲ ಈ ಕೆಲಸ ನಡೆಯುತ್ತಿತ್ತು.

ಆದರೆ ಅವರು ಎರಡು ಹಗ್ಗಗಳನ್ನು ಬೇರೆಯಾಗಿ ಇಡುತ್ತಿದ್ದರು. ಒಂದು ತೊಟ್ಟಿಲಿನದು. ಮಗಳಾಗಲಿ ಸೊಸೆಯಾಗಲಿ ಬಸುರಿಯಾದ ಸುದ್ದಿ ತಿಳಿದ ವರ್ಷ, ಮಡುವಿನಿಂದ ತೆಗೆದ ನಾರಿನಲ್ಲಿ ಅತ್ಯಂತ ನಯವಾದುದನ್ನು ಆರಿಸಿ ಮೇಲೆ ಕಟ್ಟಿಡುತ್ತಿದ್ದರು. ಹೆಸರಿಡುವ ದಿನದ ತೊಟ್ಟಿಲಿಗೆ ಆ ಹಗ್ಗವೇ ಆಗಬೇಕು. ಹೊಸ ಹಗ್ಗವನ್ನು ತೊಲೆಗೆ ಕಟ್ಟಿ, ಮೊದಲು ತಾವೇ ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದು ಪರೀಕ್ಷಿಸಿ, ಆಮೇಲೆ ತೊಟ್ಟಿಲು ಕಟ್ಟಲು ಬಿಡುತ್ತಿದ್ದರು. ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಟಾಗ ಆ ಹಗ್ಗವೂ ಅವಳ ಗಂಟಿನಲ್ಲಿ ಹೋಗುತ್ತಿತ್ತು. ಹಿರಿಯ ಅತ್ತೆಯ ಮೂರು ಮಕ್ಕಳೂ, ನಾವು ಅಣ್ಣತಮ್ಮಂದಿರು ಅಕ್ಕತಂಗಿಯರೆಲ್ಲರೂ ಅಜ್ಜ ಹೊಸೆದ ಹಗ್ಗದ ತೊಟ್ಟಿಲಿನಲ್ಲೇ ಮಲಗಿದವರು. ಮಕ್ಕಳನ್ನು ಎತ್ತಿ ಮುದ್ದಾಡುವುದು, ಮುತ್ತಿಡುವುದು ಅವರಿಗೆ ಬರುತ್ತಿರಲಿಲ್ಲ. ಹಿರಿಯರ ಎದುರಿಗೆ ತಮ್ಮ ಮಕ್ಕಳನ್ನು ಎತ್ತಿಕೊಳ್ಳುವುದೂ ಮರ್ಯಾದೆಯಲ್ಲ ಎಂದು ತಿಳಿದಿದ್ದ ಕಾಲದವರು ಅವರು. ಅವರ ಮುದ್ದು ಹೋಗುತ್ತಿದ್ದುದು ಆ ಹುರಿಯೊಳಗೆ.

ಎರಡನೆಯದು ಪಂಚಮಿಯ ಜೋಕಾಲಿಯ ಹಗ್ಗ. ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ನಮ್ಮ ಕಡೆ ತಪ್ಪಿಸಬಾರದ ಪದ್ಧತಿ. ಅಣ್ಣತಮ್ಮಂದಿರಿಗೆ ಬಿಡುವಿಲ್ಲದ ವರ್ಷ ಅಜ್ಜ ತಾವೇ ಬಂಡಿ ಕಟ್ಟಿಕೊಂಡು ಹೋಗಿ ಮಗಳನ್ನು ಕರೆತರುತ್ತಿದ್ದರು. ತಮ್ಮ ತಂಗಿ ವಿಧವೆಯಾದ ಮೇಲೆ ಆಕೆಯನ್ನು ಕರೆತರುವುದನ್ನು ಇನ್ನಷ್ಟು ನಿಷ್ಠೆಯಿಂದ ನಡೆಸಿದರು. ಹಬ್ಬಕ್ಕೆ ವಿಧವೆಯರನ್ನು ಕರೆಯಲು ಹಿಂಜರಿಯುತ್ತಿದ್ದ ಮನೆಗಳಿದ್ದ ಕಾಲದಲ್ಲಿ ಅವರು ಯಾರ ಮಾತಿಗೂ ಕಿವಿಗೊಡಲಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಸಿದ್ಧವಾಗುವ ಹೊತ್ತಿಗೆ ಮನೆ ಮುಂದಿನ ಬೇವಿನ ಮರದ ಕೊಂಬೆಗೆ ಹೊಸ ಹಗ್ಗ ಬಿದ್ದಿರಬೇಕು. ಮಕ್ಕಳಿಗಿಂತ ಮೊದಲು ಜೀಕುವವರು ಮದುವೆಯಾದ ಹೆಣ್ಣುಮಕ್ಕಳು, ಆಮೇಲೆ ಸೊಸೆಯಂದಿರು, ಕೊನೆಗೆ ನಾವು. ಗಂಡನ ಮನೆಯಲ್ಲಿ ಮುಸುರೆ ತೊಳೆದು ಬೇಸತ್ತ ಕೈಗಳಿಗೆ ವರ್ಷಕ್ಕೊಮ್ಮೆಯಾದರೂ ಜೋಕಾಲಿ ಸಿಗಲಿ ಎಂಬುದು ಅಜ್ಜಿ ಹೇಳುತ್ತಿದ್ದ ಮಾತು. ಅಜ್ಜ ಅದಕ್ಕೆ ತಲೆಯಾಡಿಸಿ ಹಗ್ಗದ ಗಂಟು ನೋಡಲು ಹೋಗುತ್ತಿದ್ದರು.

ಮುಪ್ಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರಿಗೆ ಟ್ರ್ಯಾಕ್ಟರ್ ಬಂದು, ಕೊನೆಯ ಜೊತೆ ಎತ್ತನ್ನು ಕಾಕಾ ಮಾರಿದಾಗ ಅಜ್ಜ ತಡೆಯಲಿಲ್ಲ. ದುಡಿಯುವವನಿಗೆ ಯಾವುದು ಅನುಕೂಲವೋ ಅದೇ ಸರಿ ಎಂದರು. ಕಾಯಿಲೆ ಬೀಳುವವರೆಗೂ ಬೆಳಗಿನ ಹೊತ್ತು ಒಡ್ಡುಗಳ ಮೇಲೆ ಒಂದು ಸುತ್ತು ಹೋಗಿ, ಜಾರಿದ ಕಲ್ಲನ್ನು ಮೊದಲಿನ ಜಾಗಕ್ಕೆ ಕೂರಿಸಿ ಬರುತ್ತಿದ್ದರು. 2016ರಲ್ಲಿ, ಅಜ್ಜಿ ಹೋದ ಎರಡನೆಯ ವರ್ಷ, ಅವರು ತೀರಿಕೊಂಡರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದ ಸುದ್ದಿ ಬಂದಾಗ, ನಮ್ಮ ಮನೆಯ ಎಲ್ಲರಿಗೂ ಮೊದಲು ನೆನಪಾದವರು ಅಜ್ಜ. ಬೇರೆ ಬೇರೆ ಊರುಗಳಲ್ಲಿರುವ ನಾವು ಆ ರಾತ್ರಿ ಒಬ್ಬರಿಗೊಬ್ಬರು ಫೋನು ಮಾಡಿಕೊಂಡೆವು. ಕಾಲುವೆಯ ಕೆಳಗೆ ನಮ್ಮದೊಂದು ಗುಂಟೆ ನೆಲವಿಲ್ಲ, ಆ ನೀರಿನಿಂದ ನಮಗೆ ನೇರ ಲಾಭವೂ ಇಲ್ಲ. ಹಾಗಿದ್ದರೂ ಹರಿಯುವ ನೀರಿಗೆ ತಾತ್ಕಾಲಿಕ ಗೇಟು ಇಳಿಸಿ ತಡೆದ ಸುದ್ದಿ ಬರುವವರೆಗೆ ಮನೆಯಲ್ಲಿ ಸಮಾಧಾನವಿರಲಿಲ್ಲ. ಕಿತ್ತುಹೋದದ್ದು ಕಬ್ಬಿಣದ ಗೇಟು, ಕಲ್ಲಿನ ಗೋಡೆಗೆ ಏನೂ ಆಗಿಲ್ಲ ಎಂಬ ಮಾತನ್ನು ದೊಡ್ಡಪ್ಪ ಮತ್ತೆ ಮತ್ತೆ ಹೇಳುತ್ತಿದ್ದರು. ಅಜ್ಜ ಕಾರಟಗಿಯಲ್ಲಿ ನೆಲ ಹಿಡಿಯಬೇಕಿತ್ತು ಎಂದು ಈಗಲೂ ವಾದಿಸುವ ದೊಡ್ಡಪ್ಪನೇ ಅದನ್ನು ಹೇಳುತ್ತಿದ್ದರು.

ಈಗ ಮನೆಯಲ್ಲಿ ಮತ್ತೆ ಪಾಲಿನ ಮಾತು ನಡೆದಿದೆ. ಒಲೆಗಳು ಬೇರೆಯಾಗಿ ಬಹಳ ವರ್ಷಗಳಾದರೂ ಹಳ್ಳದ ದಂಡೆಯ ಹೊಲ ಇದುವರೆಗೆ ಒಟ್ಟಿಗೇ ಇತ್ತು. ಕಾನೂನಿನ ಪ್ರಕಾರ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಎಷ್ಟೋ ಮನೆಗಳಲ್ಲಿ ಅತ್ತೆಯಂದಿರಿಂದ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ನಾವು ನೋಡುತ್ತಲೇ ಇದ್ದೇವೆ. ನಮ್ಮ ಮನೆಯಲ್ಲೂ ಒಬ್ಬಿಬ್ಬರು ಆ ಮಾತನ್ನು ತೆಗೆದರು. ದೊಡ್ಡಪ್ಪ ಅದನ್ನು ಅಲ್ಲಿಗೇ ನಿಲ್ಲಿಸಿ, ಹೊಲವನ್ನು ಐದು ತುಂಡು ಮಾಡುವುದು, ಗುರುತು ಹಾಕುವುದು ತಾವು, ಆರಿಸುವುದು ಕಿರಿಯರಿಂದ ಎಂದು ಹೇಳಿದ್ದಾರೆ. ಹಾಗೆಂದರೆ ಮೊದಲು ಆರಿಸಿಕೊಳ್ಳಬೇಕಾದವರು ಕಿರಿಯ ಅತ್ತೆ. ಕೆಳಗಿನ ಎರೆಯನ್ನೇ ತೆಗೆದುಕೊಳ್ಳಬೇಕೆಂದು ನಾವು ಹುಡುಗರೆಲ್ಲ ಅವರಿಗೆ ಹೇಳುತ್ತಿದ್ದೇವೆ, ಅವರಿಗೆ ಒಡ್ಡಿನ ಕಡೆಯ ಮಸಾರಿಯ ಮೇಲೆ ಮನಸ್ಸಿದೆ. ಯಾವುದೆಂಬುದನ್ನು ಈ ಸಲ ಪಂಚಮಿಗೆ ಬಂದಾಗ ಹೇಳುತ್ತೇನೆ ಎಂದಿದ್ದಾರೆ.

ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ನಮಸ್ಕಾರ.